ಭೂಮಿ ಬೇಡವೆಂದು ಅರ್ಜಿ ಹಾಕಿದವನು

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಭೂಮಿ ಬೇಕು ಎಂದು ಅರ್ಜಿ ಹಾಕದ ಮನೆಯೇ ಇಲ್ಲ. ಅಪ್ಪನ ಕಾಲದಲ್ಲಿ ಗೇಣಿ ಜಮೀನಿಗೆ ಅರ್ಜಿ, ನಮ್ಮ ಕಾಲದಲ್ಲಿ ಬಗರ್‌ಹುಕುಂ ಅರ್ಜಿ, ಈಗ ಮಕ್ಕಳ ಕಾಲದಲ್ಲಿ ಪಾಲಾದ ಜಮೀನಿನ ಪೋಡಿಗೆ ಅರ್ಜಿ. ತಾಲೂಕು ಕಚೇರಿಯ ಮೆಟ್ಟಿಲು ಸವೆದಿರುವುದೇ ಹೀಗೆ. ಆದರೆ ‘ಭೂಮಿ ಬೇಡ, ದಯವಿಟ್ಟು ನನ್ನನ್ನು ಇದರ ಮೇಲಿಂದ ಎತ್ತಿ’ ಎಂದು ಅರ್ಜಿ ಹಾಕಿದವನು ಮೂರು ತಾಲೂಕಿಗೂ ಒಬ್ಬನೇ. ಅವನು ನನ್ನ ಸ್ವಂತ ಅಣ್ಣ!

ಸನ್ಯಾಸಿಯೇನೋ ಎಂದುಕೊಳ್ಳಬೇಡಿ. ಸನ್ಯಾಸಿಗಳು ಮೂರು ಹೊತ್ತು ನೀರುದೋಸೆ ಕೇಳುವುದಿಲ್ಲ. ಅಣ್ಣ ಖಾಸಗಿ ಬಸ್ಸಿನ ಕಂಡಕ್ಟರು. ಅದೇ ಬಸ್ಸಿಗೆ ನಾನು ಡ್ರೈವರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗಿ ಬರುವ ಗಾಡಿ ನಮ್ಮದು. ಅವನು ಎಸ್ಸೆಸ್ಸೆಲ್ಸಿ ಪಾಸು, ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. ಹಾಗಾಗಿ ಅವನು ಹಿಂದೆ ನಿಂತು ಮಾತಾಡುತ್ತಾನೆ, ನಾನು ಮುಂದೆ ನೋಡಿಕೊಂಡು ಕೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ನಮ್ಮ ಸಂಸಾರ ಹೀಗೇ ನಡೆದಿದೆ. ಬಾನಿಗೆ ಹೋಗಿಬರುವ ಒಂದು ಸೀಟು ಅವನಿಗೆ ಸಿಗುವ ಹಾಗಾಗಿತ್ತು. ಸಿಗದ ಹಾಗೆ ಮಾಡಿದವನು ನಾನು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದು. ಆದರೆ ನೇರ ಅಲ್ಲಿಗೇ ಹೋದರೆ ಅಣ್ಣ ಎಂಥವನೆಂದು ನಿಮಗೆ ತಿಳಿಯುವುದಿಲ್ಲ.

ಶುರುವಾಗಿದ್ದು ಒಂದು ಪಂಕ್ಚರಿನಿಂದ. ಬಟ್ಟೆಮಲ್ಲಪ್ಪದ ಹತ್ತಿರ ನಾನು ಜಾಕಿ ಹಚ್ಚಿಕೊಂಡು ಬೆವರುತ್ತಿದ್ದಾಗ ಅಣ್ಣ ಮರದ ನೆರಳಲ್ಲಿ ನಿಂತು ಮೊಬೈಲ್ ನೋಡುತ್ತಿದ್ದ. ಯಾವುದೋ ದೇಶದಲ್ಲಿ ಯಾರೋ ಸಾಹುಕಾರನ ಕಂಪನಿ ಆರು ಜನರನ್ನು ರಾಕೆಟ್ಟಿನಲ್ಲಿ ಕೂರಿಸಿ ಮೇಲಕ್ಕೆ ಕಳಿಸಿ ವಾಪಸ್ ತಂದಿತ್ತು. ವಿಜ್ಞಾನಿಗಳಲ್ಲ, ಮಿಲಿಟರಿಯವರಲ್ಲ. ದುಡ್ಡು ಕೊಟ್ಟು ಹತ್ತಿದವರು.

“ಲೋ, ಇವ್ರು ಪ್ಯಾಸೆಂಜರ್ ಕಣೋ!” ಎಂದು ಅಣ್ಣ ಕೂಗಿದ. ನಾನು ಬೆಚ್ಚಿದ್ದಕ್ಕೆ ನಟ್ಟು ಬಿಚ್ಚುವ ಪಾನೆ ಕಾಲಿನ ಮೇಲೆ ಬಿತ್ತು.

‘ಪ್ಯಾಸೆಂಜರ್’ ಎಂಬುದು ಅಣ್ಣನ ಬಾಯಲ್ಲಿ ದೇವರ ಹೆಸರಿದ್ದ ಹಾಗೆ. ಸರ್ಕಾರದ ರಾಕೆಟ್ಟುಗಳ ಬಗ್ಗೆ ಅವನಿಗೆ ಗೌರವವಿಲ್ಲ ಎಂದಲ್ಲ. ಚಂದ್ರನ ಮೇಲೆ ನಮ್ಮವರು ಯಂತ್ರ ಇಳಿಸಿದ ದಿನ ಇಡೀ ಬಸ್ಸಿಗೆ ಬೆಲ್ಲ ಹಂಚಿದವನೇ ಅವನು. ಆದರೆ ಅವನ ಪ್ರಕಾರ ಸರ್ಕಾರದ ಗಗನಯಾತ್ರಿ ಹೋಗುವುದು ಡ್ಯೂಟಿಗೆ. “ಡ್ಯೂಟಿಗೆ ಹೋಗೋದು ದೊಡ್ಡ ಸಂಗತಿ ಅಲ್ಲ ಮಾರಾಯ. ನಾವೂ ಹೋಗ್ತೀವಿ. ಕೆಲ್ಸ ಇಲ್ದೆ, ಕಾರಣ ಇಲ್ದೆ, ಕಿಟಕಿ ಪಕ್ಕ ಕೂತು ಹೊರಗೆ ನೋಡಾಕೆ ಅಂತ ಒಬ್ಬ ಹತ್ತುತಾನಲ, ಅವತ್ತು ಆ ರೂಟು ಓಪನ್ ಆತು ಅಂತ ಲೆಕ್ಕ.”

ಅಲ್ಲಿಂದ ನಮ್ಮ ಬಸ್ಸಿನಲ್ಲಿ ಅಡಿಕೆ ರೇಟು, ಮದುವೆ ಸುದ್ದಿ, ಕೋರ್ಟು ತಕರಾರು ಎಲ್ಲ ಹಿಂದೆ ಬಿದ್ದವು. ಟಿಕೆಟ್ ಹರಿಯುತ್ತಲೇ ರಾಕೆಟ್ ಪುರಾಣ. ಅವನು ರಾಕೆಟ್ಟನ್ನು ನೋಡುತ್ತಿದ್ದದ್ದು ಕಂಡಕ್ಟರ್ ಕಣ್ಣಿನಿಂದಲೇ. ಬಾನು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಸಾಕು.

“ನೂರು ಕಿಲೋಮೀಟರ್. ನಮ್ ರೂಟಿಗಿಂತ ಒಂಚೂರು ಜಾಸ್ತಿ ಅಷ್ಟೇ. ಸಾಗರದಿಂದ ತೀರ್ಥಹಳ್ಳಿ ರೋಡನ್ನ ನೆಟ್ಟಗೆ ಎತ್ತಿ ನಿಲ್ಸಿದ್ರೆ ತುದಿ ಬಾನಿನ ಹತ್ರ ಹತ್ರ ಹೋಗ್ತದೆ.”

“ಹಂಗಾದ್ರೆ ಗುಂಡಿ ಎಲ್ಲ ಸುರುದು ಹೋಗ್ತವಲ್ಲ ಮಾರಾಯ,” ಎಂದರು ಹಿಂದಿನ ಸೀಟಿನವರು.

ಹಿಂದೆಲ್ಲ ರಾಕೆಟ್ಟುಗಳು ಒಂದು ಸಲ ಹಾರಿದರೆ ಸಮುದ್ರದ ಪಾಲು. ಈಗಿನ ಖಾಸಗಿಯವರದ್ದು ಹೋದದ್ದು ವಾಪಸ್ ಬಂದು, ಹೊರಟ ಜಾಗದ ಹತ್ತಿರವೇ ನೆಟ್ಟಗೆ ನಿಲ್ಲುತ್ತದೆ. ಇದನ್ನು ವರ್ಣಿಸುವಾಗ ಅಣ್ಣ ಟಿಕೆಟ್ ಹರಿಯುವುದನ್ನೇ ಮರೆಯುತ್ತಿದ್ದ. “ಒಂದ್ ಟ್ರಿಪ್ ಹೊಡ್ದು ಬಸ್ಸನ್ನ ಶರಾವತಿಗೆ ನೂಕಿ, ನಾಳೆಗೆ ಹೊಸ ಬಸ್ಸು ತರ್ತಾರೇನ್ರೀ ಯಾರಾದ್ರೂ? ಇಷ್ಟ್ ವರ್ಷ ಅದನ್ನೇ ಮಾಡ್ತಿದ್ರು! ಹೋದ ಗಾಡಿ ವಾಪಸ್ ಸ್ಟ್ಯಾಂಡಿಗೆ ಬಂದ್ರೇ ಅದು ಲೈನ್ ಗಾಡಿ.” ಬಸ್ಸಿನಲ್ಲಿದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಪಾಪ, ಅವರಿಗೆ ಬೇಕಾಗಿದ್ದದ್ದು ಚಿಲ್ಲರೆ.

ಆ ರಾಕೆಟ್ಟಿನ ತಲೆಯಲ್ಲಿರುವ ಡಬ್ಬಿಗೆ ಆರು ಸೀಟು, ಆರು ಕಿಟಕಿ. ಈ ಸಂಗತಿ ತಿಳಿದ ದಿನ ಅಣ್ಣ ಊಟ ಮಾಡಲಿಲ್ಲ. ಎಲ್ಲರಿಗೂ ಕಿಟಕಿ! ಕಿಟಕಿ ಸೀಟಿಗಾಗಿ ನಡೆದ ಜಗಳ ಬಿಡಿಸುವುದರಲ್ಲೇ ಅವನ ಅರ್ಧ ಆಯುಷ್ಯ ಕಳೆದಿದೆ. ಸಾಗರ ಸ್ಟ್ಯಾಂಡಿನಲ್ಲಿ ಹೊರಗಿನಿಂದಲೇ ಟವೆಲ್ ಎಸೆದು ಸೀಟು ಹಿಡಿದವನಿಗೂ, ಒಳಗೆ ಹತ್ತಿ ಟವೆಲ್ ಎತ್ತಿ ಕೂತವನಿಗೂ ನ್ಯಾಯ ಹೇಳಿ ಹೇಳಿ ಅವನು ಜಡ್ಜ್ ಆಗುವುದೊಂದು ಬಾಕಿ. “ಅಲ್ಲಿ ಯಾರೂ ಟವೆಲ್ ಎಸ್ಯಂಗಿಲ್ಲ. ಎಸೆದ್ರೂ ಅದು ಸೀಟಿನ ಮೇಲೆ ಕೂರಾದಿಲ್ಲ, ತೇಲ್ತದೆ,” ಎಂದ. ನಿಂತುಕೊಂಡೇ ಪ್ರಯಾಣ ಮಾಡುವ ನಮ್ಮ ಖಾಯಂ ಗಿರಾಕಿಗಳಿಗೂ ಸಮಾಧಾನ ಹೇಳಿದ. ಅಲ್ಲಿ ನಿಂತವನೂ ಒಂದೇ, ಕೂತವನೂ ಒಂದೇ, ತಲೆಕೆಳಗಾದವನೂ ಒಂದೇ. ಆದರೆ ಅಷ್ಟು ಅನುಕೂಲವಿದ್ದೂ ಬರೀ ಆರು ಜನರನ್ನು ಹತ್ತಿಸುತ್ತಾರಲ್ಲ ಎಂಬುದು ಅವನ ಆಳದ ಸಂಕಟ. “ನನ್ ಕೈಗೆ ಕೊಡ್ಲಿ, ಅದ್ರಲ್ಲೇ ಮೂವತ್ ಜನ ಹಾಕ್ತೀನಿ. ಸ್ವಲ್ಪ ಒಳಗೆ ಹೋಗ್ರಿ ಅಂದ್ರೆ ಆತಪ್ಪ!”

ಹೊಸನಗರದಿಂದ ಹತ್ತುವ ನಿವೃತ್ತ ಮೇಷ್ಟ್ರೊಬ್ಬರಿಗೆ ಇದನ್ನೆಲ್ಲ ಕಂಡರೆ ಆಗುತ್ತಿರಲಿಲ್ಲ. ಅಣ್ಣನಿಗೆ ಕನ್ನಡ ಅಕ್ಷರ ತಿದ್ದಿಸಿದವರು ಅವರೇ. ಒಂದು ದಿನ ತಡೆಯಲಾರದೆ ಕೊಡೆಯನ್ನು ನೆಲಕ್ಕೆ ಕುಟ್ಟಿದರು.

“ಎಂತದಾ ಇದು? ಕೋಟ್ಯಧಿಪತಿಗಳ ಶೋಕಿಗೆ ನೀ ಯಾಕೆ ಕುಣೀತಿ? ಹತ್ತು ನಿಮಿಷ ಮೇಲೆ ಹೋಗಿ ಬರಾಕೆ ಅವರು ಸುರಿಯೋ ದುಡ್ಡಲ್ಲಿ ಎಷ್ಟು ಶಾಲೆ ಕಟ್ಬಹುದು ಗೊತ್ತನಾ?”

ಅಣ್ಣ ಟಿಕೆಟ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ವಿನಯದಿಂದಲೇ ಕೇಳಿದ. “ಸರ್, ಈ ರೋಡಿಗೆ ಮೊದಲ್ನೇ ಸಲ ಬಸ್ಸು ಬಂದಾಗ ಹತ್ತಿದ್ದು ಯಾರು?”

“ಸಾಹುಕಾರ್ರು.”

“ನಮ್ಮಜ್ಜ?”

ನಮ್ಮಜ್ಜ ಬೇರೆಯವರ ಗದ್ದೆ ಗೇಣಿಗೆ ಮಾಡುತ್ತಿದ್ದವನು. ಬಸ್ಸು ಬಂದರೆ ರಸ್ತೆ ಬಿಟ್ಟು ಇಳಿದು ಗದ್ದೆ ಬದುವಿನ ಮೇಲೆ ಕೈ ಕಟ್ಟಿ ನಿಲ್ಲುತ್ತಿದ್ದನಂತೆ.

“ಅಜ್ಜ ಬದುವಿನ ಮೇಲೆ ನಿಂತು ನೋಡ್ದ. ಅಪ್ಪ ಮೇಲ್ಗಡೆ ಲಗೇಜಿನ ಜೊತೆ ಕೂತ. ನಾನು ಒಳಗೆ ನಿಂತು ನಿಮ್ಗೆ ಟಿಕೆಟ್ ಕೊಡ್ತಾ ಇದೀನಿ. ಸಾಹುಕಾರ್ರು ಮೊದ್ಲು ಹತ್ತದೇ ಇದ್ರೆ ರೋಡೇ ಆಗ್ತಿರ್ಲಿಲ್ಲ ಸರ್. ಹತ್ಲಿ ಬಿಡಿ. ವಾಂತಿನೂ ಅವ್ರೇ ಮೊದ್ಲು ಮಾಡ್ಲಿ.”

ಬಸ್ಸು ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಇಳಿಯುವಾಗ ನನ್ನ ಹತ್ತಿರ ಬಂದು, “ನಿಮ್ಮಣ್ಣಂಗೆ ಹುಚ್ಚು. ಆದ್ರೆ ತರ್ಕ ತಪ್ಪಿಲ್ಲ,” ಎಂದು ಹೇಳಿ ಹೋದರು.

ಮಾತಿಗೆ ನಿಂತಿದ್ದರೆ ಚೆನ್ನಾಗಿತ್ತು. ಅಣ್ಣ ತರಬೇತಿಗೂ ಇಳಿದ! ಹೊಸನಗರ ದಾಟಿದ ಮೇಲೆ ಒಂದು ಮೋರಿ ಇದೆ. ಕಟ್ಟಿದವರು ಅದಕ್ಕೆ ಗೂನುಬೆನ್ನು ಕೊಟ್ಟಿದ್ದಾರೆ. ಅದರ ಮೇಲೆ ಸ್ವಲ್ಪ ಜೋರಾಗಿ ಹೋದರೆ ಕೊನೆಯ ಸೀಟಿನಲ್ಲಿ ಕೂತವರು ಒಂದು ಗಳಿಗೆ ಗಾಳಿಯಲ್ಲಿರುತ್ತಾರೆ. ಎಲ್ಲರೂ ಇದಕ್ಕೆ ಬೈಯುತ್ತಾರೆ. ಅಣ್ಣ ಮಾತ್ರ ಮೋರಿ ಬಂತೆಂದರೆ ಓಡಿಹೋಗಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. “ತೂಕ ಹೋತು! ತೂಕ ಹೋತು!” ಎಂದು ಅಲ್ಲಿಂದ ಕೂಗು. ಸುದ್ದಿ ಹಬ್ಬಿ ಕಾಲೇಜು ಹುಡುಗಿಯರು ಮುಂದಿನ ಸೀಟು ಖಾಲಿ ಇದ್ದರೂ ಹಿಂದೆಯೇ ಕೂರತೊಡಗಿದರು.

ಒಮ್ಮೆ ಹೆಗಡೇರ ಮನೆಯ ಅಮ್ಮ ಮಗಳ ಮನೆಗೆಂದು ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದು ಗೊತ್ತಿಲ್ಲದೆ ಹಿಂದೆ ಕೂತಿದ್ದರು. ಮೋರಿಯ ಮೇಲೆ ಭರಣಿಯ ಮುಚ್ಚಳವೂ ಬಾನಿಗೆ ಹೊರಟಿತು, ರಸವೂ ಹೊರಟಿತು. ರಸ ಇಳಿದದ್ದು ಅಣ್ಣನ ಖಾಕಿಯ ಮೇಲೆ. ಅಣ್ಣ ಕೈ ಮುಗಿದು ನಿಂತ. ಅಮ್ಮ ಬೈಯಲಿಲ್ಲ. ಸೀರೆಯ ಸೆರಗಿನಿಂದ ಭರಣಿ ಒರೆಸುತ್ತಾ ವಿಚಾರಿಸಿಕೊಂಡರು.

“ತಮಾ, ನೀ ಹೇಳ ಆ ಜಾಗದಲ್ಲಿ ಮಳೆ ಇದ್ದಾ?”

“ಇಲ್ಲಮ್ಮಾ. ಮೋಡ ಎಲ್ಲ ಕೆಳಗೇ ಇರ್ತಾವೆ.”

“ಬಿಸಲು?”

“ಬರೀ ಬಿಸ್ಲೇ.”

“ಹಂಗಾರೆ ಹಪ್ಪಳ ಒಣಗ್ಸಲೆ ಅಡ್ಡಿಲ್ಲೆ!” ಎಂದರು ಅಮ್ಮ. ಅಣ್ಣನಿಗೆ ಸಿಕ್ಕ ಮೊದಲ ಬೆಂಬಲ ಅದು.

ಇಷ್ಟೊತ್ತು ನೀವು ನಕ್ಕಿರಬಹುದು. ನಾನು ನಗುತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರುಗಳು ನಮ್ಮ ಗಾಡಿ ಕಂಡರೆ “ಚಂದ್ರಲೋಕ, ಚಂದ್ರಲೋಕ, ಯಾರ್ರೀ ಚಂದ್ರಲೋಕ?” ಎಂದು ಕೂಗುತ್ತಿದ್ದರು. ಅಣ್ಣ ಅವರಿಗೆ ಕೈ ಬೀಸಿ, “ಅಲ್ಲಿಗೆ ಇನ್ನೂ ಪರ್ಮಿಟ್ ಆಗಿಲ್ರೋ!” ಎನ್ನುತ್ತಿದ್ದ. ನಾಚಿಕೆಯೆಲ್ಲ ನನ್ನ ಪಾಲಿಗೆ. ಸ್ಟೇರಿಂಗ್ ಹಿಡಿದವನು ಮುಖ ಮುಚ್ಚಿಕೊಳ್ಳುವ ಹಾಗೂ ಇಲ್ಲವಲ್ಲ!

ಆಗ ಬಂತು ಅರ್ಜಿ. ಅಂಥದೇ ಇನ್ನೊಂದು ವಿದೇಶಿ ಕಂಪನಿ, ಪ್ರಚಾರಕ್ಕೋ ಪುಣ್ಯಕ್ಕೋ, ಒಂದು ಸೀಟನ್ನು ಪುಕ್ಕಟೆ ಕೊಡುತ್ತೇವೆ ಎಂದು ಸಾರಿತು. ಯಾವ ದೇಶದವರಾದರೂ ಸರಿ, ದುಡಿದು ತಿನ್ನುವ ಸಾಮಾನ್ಯ ಮನುಷ್ಯರಾಗಿರಬೇಕು. ನಾನೇಕೆ ಹೋಗಬೇಕು ಎಂದು ಎರಡು ನಿಮಿಷ ಮಾತಾಡಿ ವಿಡಿಯೋ ಕಳಿಸಬೇಕು. ಅಣ್ಣ ಹೊಸನಗರದ ಕಂಪ್ಯೂಟರ್ ಸೆಂಟರಿನ ಹುಡುಗಿಯ ಕೈಯಲ್ಲಿ ಅರ್ಜಿ ತುಂಬಿಸಿದ. ಪ್ರಯಾಣದ ಅನುಭವ ಎಷ್ಟು ಎಂಬಲ್ಲಿ “ಇಪ್ಪತ್ತಾರು ವರ್ಷ, ನಿಂತುಕೊಂಡು” ಎಂದು ಬರೆಸಿದ. ಎತ್ತರದ ಭಯವಿದೆಯೇ ಎಂಬುದಕ್ಕೆ “ಬಸ್ಸಿನ ಮೇಲೆ ಹತ್ತಿ ಲಗೇಜ್ ಕಟ್ಟುತ್ತೇನೆ” ಎಂದ. ಇಷ್ಟವಾದ ಸಂಗತಿ ಯಾವುದು ಎಂದು ಕೇಳಿದ್ದಕ್ಕೆ “ಟೈಮಿಗೆ ಸರಿಯಾಗಿ ಬಿಡುವುದು”. ಹುಡುಗಿ ನಗುತ್ತಲೇ ಎಲ್ಲವನ್ನೂ ಇಂಗ್ಲಿಷಿಗೆ ಹೊರಳಿಸಿ ಕಳಿಸಿದಳು. ವಿಡಿಯೋದಲ್ಲಿ ಏನು ಹೇಳಿದನೋ ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ಎರಡು ತಿಂಗಳಿಗೆ ಉತ್ತರ ಬಂತು! ಸಾವಿರಾರು ಅರ್ಜಿಗಳಲ್ಲಿ ಕೆಲವರನ್ನು ಆರಿಸಿದ್ದರು. ಅದರಲ್ಲಿ ಅಣ್ಣನೂ ಇದ್ದ. ಇಂಥ ದಿನ, ನಮ್ಮ ಗಡಿಯಾರದ ಹನ್ನೊಂದೂವರೆಯಿಂದ ಹನ್ನೊಂದು ನಲವತ್ತರ ಒಳಗೆ ವಿಡಿಯೋ ಕಾಲ್ ಬರುತ್ತದೆ, ಕನ್ನಡ ಬಲ್ಲವರೊಬ್ಬರನ್ನೂ ಜೊತೆಗೆ ಕೂರಿಸಿಕೊಂಡಿರುತ್ತೇವೆ, ಆ ಹತ್ತು ನಿಮಿಷದಲ್ಲಿ ಸಿಗದಿದ್ದರೆ ಮುಂದಿನವರಿಗೆ ಹೋಗುತ್ತೇವೆ ಎಂದು ಬರೆದಿದ್ದರು. ಕಂಪ್ಯೂಟರ್ ಸೆಂಟರಿನ ಹುಡುಗಿ ಒಳ್ಳೆಯ ನೆಟ್‌ವರ್ಕ್ ಇರುವ ಮೂಲೆಯಲ್ಲಿ ಕುರ್ಚಿ ಹಾಕಿಡುತ್ತೇನೆ ಎಂದಳು.

ಅವತ್ತು ರಜೆ ಹಾಕು ಎಂದರೆ ಅಣ್ಣ ಕೇಳಲಿಲ್ಲ. “ಹತ್ತಕ್ಕೆ ಸಾಗರ ಬಿಟ್ರೆ ಹನ್ನೊಂದೂಕಾಲಿಗೆ ಹೊಸನಗರ. ಅಲ್ಲಿ ನಮ್ಗೆ ಅರ್ಧ ಗಂಟೆ ನಿಲುಗಡೆ. ಇನ್ನೆಂತ ಬೇಕು? ನೀನು ಓಡಿಸ್ತೀಯಲ, ನಂಗೆ ಎಂತ ಚಿಂತೆ!”

ಆ ಬೆಳಿಗ್ಗೆ ಅಣ್ಣ ಕಂಪನಿಯ ಷರತ್ತಿನ ಕಾಗದದ ಕನ್ನಡ ಪ್ರತಿಯನ್ನು ನಮ್ಮ ಮನೆಯಲ್ಲಿ ಮರೆತುಹೋಗಿದ್ದ. ನನ್ನ ಹೆಂಡತಿ ಅದನ್ನು ಗಟ್ಟಿಯಾಗಿ ಓದಿದಳು. ಪ್ರಾಣಾಪಾಯವಾದರೆ ಕಂಪನಿ ಜವಾಬ್ದಾರಿಯಲ್ಲ ಎಂದು ಒಂದು ಕಡೆ ಇತ್ತು. ಕೆಳಗೆ ಅಣ್ಣನ ಸಹಿ ಇತ್ತು. ಯಾವ ಅನುಮಾನವೂ ಇಲ್ಲದ ದುಂಡು ಸಹಿ.

ಭಯವಾಯಿತು, ಅದಕ್ಕೇ ಹಾಗೆ ಮಾಡಿದೆ ಎಂದು ಹೇಳಿದರೆ ನೀವು ನಂಬುತ್ತೀರಿ. ನಾನೂ ಬಹಳ ದಿನ ಹಾಗೆಯೇ ನಂಬಿದ್ದೆ. ಭಯ ಅರ್ಧ ಮಾತ್ರ. ಇನ್ನರ್ಧ ಹೊಟ್ಟೆಕಿಚ್ಚು. ಬಾನಿಗೆ ಹೋಗುವ ಆಸೆ ನನಗಿರಲಿಲ್ಲ. ಆದರೆ ಐವತ್ತು ದಾಟಿದ ಮೇಲೂ ಒಬ್ಬ ಮನುಷ್ಯ ಏನನ್ನಾದರೂ ಅಷ್ಟು ಬಯಸಬಹುದು ಎಂಬುದು ನನ್ನನ್ನು ಚುಚ್ಚುತ್ತಿತ್ತು. ನನಗೆ ಬೇಕಾದ್ದು ಏನು ಎಂದು ಯಾರಾದರೂ ಕೇಳಿದ್ದರೆ, ಹೊಸ ಕ್ಲಚ್ ಪ್ಲೇಟು ಎನ್ನುತ್ತಿದ್ದೆನೋ ಏನೋ.

ಸಾಗರವನ್ನು ಹತ್ತಕ್ಕೆ ಸರಿಯಾಗಿಯೇ ಬಿಟ್ಟೆವು. ಬಟ್ಟೆಮಲ್ಲಪ್ಪದವರೆಗೆ ಟೈಮಿನಲ್ಲೇ ಇದ್ದೆ. ಅಲ್ಲಿಂದ ಮುಂದೆ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಲಿಲ್ಲ.

ಬಸ್ಸನ್ನು ಜೋರಾಗಿ ಓಡಿಸುವುದು ಯಾರಿಗಾದರೂ ಬರುತ್ತದೆ. ಯಾರಿಗೂ ತಿಳಿಯದ ಹಾಗೆ ನಿಧಾನ ಓಡಿಸುವುದು ವಿದ್ಯೆ! ಎದುರು ಬಂದ ಪ್ರತಿ ಲಾರಿಗೂ ಪಕ್ಕಕ್ಕೆ ಸರಿದು ದಾರಿ ಕೊಟ್ಟೆ. ಲಾರಿಯವರು ಗಾಬರಿಯಿಂದ ನನ್ನ ಮುಖ ನೋಡಿದರು. ದನ ರಸ್ತೆ ದಾಟುವ ಮನಸ್ಸು ಮಾಡುವವರೆಗೆ ಕಾದೆ. ಕೈ ತೋರಿಸದವರಿಗೂ ನಿಲ್ಲಿಸಿದೆ. ಬೇಲಿಯ ಕಡೆ ತಿರುಗಿ ನಿಂತಿದ್ದ ಒಬ್ಬ ಪಂಚೆ ಸರಿಮಾಡಿಕೊಳ್ಳುತ್ತಾ, “ನಾ ಬರಾದಿಲ್ಲ ಮಾರಾಯ, ನಿಂದೆಂತದು ಹೋಗಾ!” ಎಂದು ಬೈದ. ತಿರುವಿನಲ್ಲಿ ಒಬ್ಬ ಅಜ್ಜಿ ಇಳಿದು ತನ್ನ ಚೀಲ ಹುಡುಕಿ, ಆಮೇಲೆ ಚೀಲವೇ ತಂದಿರಲಿಲ್ಲ ಎಂದು ನೆನಪಿಸಿಕೊಳ್ಳುವ ತನಕ ನಿಂತೆ.

ನಮ್ಮ ಬಸ್ಸು ಪ್ಯಾಸೆಂಜರಿಗಾಗಿ ಕಾಯುವುದು ಹೊಸತಲ್ಲ. ಅಂಗಳದಲ್ಲಿ ಚಪ್ಪಲಿ ಹುಡುಕುತ್ತಿರುವವರಿಗೂ ನಿಲ್ಲುವ ಗಾಡಿ ನಮ್ಮದು. ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ಅಣ್ಣನೂ ಅನ್ನಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವನು ಟಿಕೆಟ್ ಕೊಡುವುದನ್ನು ನಿಲ್ಲಿಸಿ ಮುಂದೆ ಬಂದು ನನ್ನ ಸೀಟಿನ ಹಿಂದೆಯೇ ನಿಂತುಬಿಟ್ಟ. ಅವಸರ ಮಾಡು ಎಂದು ಮೌನದಲ್ಲೇ ಹೇಳುತ್ತಿದ್ದಾನೆ ಎಂದುಕೊಂಡೆ. ಹಟ ಹೆಚ್ಚಾಯಿತು. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿತ್ತು. ಕನ್ನಡಿಯನ್ನೇ ನೋಡದೆ ಓಡಿಸಿದೆ.

ಹೊಸನಗರ ಮುಟ್ಟಿದಾಗ ಹನ್ನೊಂದು ಐವತ್ತೆರಡು. ಕಂಪ್ಯೂಟರ್ ಸೆಂಟರಿನ ಹುಡುಗಿ ರಸ್ತೆಗೇ ಬಂದು ನಿಂತಿದ್ದಳು. ಅಣ್ಣ ಇಳಿದು ಅವಳಿಗೆ ಏನೋ ಹೇಳಿದ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಅಲ್ಲಿಂದ ತೀರ್ಥಹಳ್ಳಿಯ ತನಕ ಕೇಳಿದವರಿಗೆಲ್ಲ ಅಣ್ಣ ಒಂದೇ ಉತ್ತರ ಕೊಟ್ಟ. “ಟವರ್ ಕೈ ಕೊಡ್ತು ಮಾರಾಯ್ರೇ. ಬಾನಿಗೆ ರಾಕೆಟ್ ಕಳ್ಸೋ ಕಾಲ್ದಲ್ಲಿ ಹೊಸನಗ್ರಕ್ಕೆ ಒಂದು ಫೋನ್ ಬರಾದಿಲ್ಲ!” ಎಲ್ಲರೂ ಸೇರಿ ಟವರಿಗೆ ಶಾಪ ಹಾಕಿದರು. ಮೇಷ್ಟ್ರು ಕೂಡ. ನಾನು ಮಾತ್ರ ಹಾಕಲಿಲ್ಲ.

ನನ್ನ ಮೇಲೆ ಸಿಟ್ಟಿದ್ದರೆ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಬದಲಿಗೆ ಅವನಿಗೆ ಇನ್ನೊಂದು ಹುಚ್ಚು ಹತ್ತಿತು. ನನ್ನ ಆರೋಗ್ಯ! ಮರುವಾರವೇ ತೀರ್ಥಹಳ್ಳಿಯಲ್ಲಿ ನನ್ನನ್ನು ಎಳೆದುಕೊಂಡು ಹೋಗಿ ಎದೆಗೆ ತಂತಿ ಅಂಟಿಸಿ ಇಸಿಜಿ ಪಟ್ಟಿ ತೆಗೆಸಿದ. ಪಟ್ಟಿ ಸರಿಯಿದೆ ಎಂದು ಡಾಕ್ಟರು ಹೇಳಿದರೂ ನಂಬದೆ, ಮಿಷನ್ ಹಳೇದು ಎಂದು ಸಾಗರದಲ್ಲಿ ಮತ್ತೊಮ್ಮೆ ತೆಗೆಸಿದ. ಅಂಬೊಡೆ ಬಂದ್, ಉಪ್ಪಿನಕಾಯಿ ಬಂದ್, ಬೆಳಿಗ್ಗೆ ಎದ್ದು ನಡೆಯಬೇಕು. ಸೀಟು ಕೈ ತಪ್ಪಿದ ಮೇಲೆ ತರಬೇತಿಯನ್ನು ನನ್ನ ಮೇಲೆ ತಿರುಗಿಸಿದ್ದಾನೆ ಎಂದು ಬೈದುಕೊಂಡೇ ನಡೆದೆ. ಸ್ಟ್ಯಾಂಡಿನವರು “ಎಂತ, ಈಗ ನೀನಾ ಹೋಗಾದು?” ಎಂದು ಕೇಳತೊಡಗಿದರು. ಅಷ್ಟು ಸಾಲದು ಎಂಬಂತೆ, ಓಡಿಸುವಾಗಲೆಲ್ಲ ಅವನು ಬಂದು ನನ್ನ ಬೆನ್ನ ಹಿಂದೆಯೇ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡ. ಹಿಂದಿನ ಸೀಟಿನವರು ಟಿಕೆಟ್ಟಿಗಾಗಿ ಮುಂದೆ ಬರಬೇಕಾಯಿತು.

ಹೀಗೆ ಎಂಟು ತಿಂಗಳು ಕಳೆದವು. ಆ ಪುಕ್ಕಟೆ ಸೀಟು ಯಾವುದೋ ದೇಶದ ನರ್ಸ್ ಒಬ್ಬರಿಗೆ ಸಿಕ್ಕಿತ್ತು. ಅವರು ಹೋಗುವ ದಿನ ನಾವು ಸಂಜೆಯ ಟ್ರಿಪ್ಪಿನಲ್ಲಿದ್ದೆವು. ಹೊಸನಗರ ಇನ್ನೂ ನಾಲ್ಕೈದು ಕಿಲೋಮೀಟರ್ ಇದೆ ಎನ್ನುವಾಗ ಒಂದು ಏರು ಬರುತ್ತದೆ. ಆ ಏರಿನ ನೆತ್ತಿಯಲ್ಲಿ ಮಾತ್ರ ಫೋನಿಗೆ ಎರಡು ಕಡ್ಡಿ ನೆಟ್‌ವರ್ಕ್ ಹತ್ತುತ್ತದೆ. ಅಣ್ಣ ಅಲ್ಲಿ ಬಸ್ಸು ನಿಲ್ಲಿಸಿ ಇಂಜಿನ್ ಆಫ್ ಮಾಡಿಸಿದ. ಎಲ್ಲರೂ ಇಳಿದು ಅವನ ಮೊಬೈಲಿನ ಸುತ್ತ ನಿಂತರು. ಆ ಚಿಕ್ಕ ಪರದೆಯಲ್ಲಿ ರಾಕೆಟ್ಟು ಎದ್ದಿತು, ಹೋಯಿತು, ಬಂತು. ಡಬ್ಬಿ ಪ್ಯಾರಾಚೂಟಿನಲ್ಲಿ ಧೂಳೆಬ್ಬಿಸಿ ಕೂತಿತು. ಹತ್ತು ಹನ್ನೊಂದು ನಿಮಿಷ ಅಷ್ಟೇ.

“ಇಷ್ಟೇನಾ? ಇವ್ರು ಹೋಗಿ ಬಂದ್ರು, ನಾವಿನ್ನೂ ಹೊಸನಗ್ರ ಮುಟ್ಲಿಲ್ಲ!” ಎಂದು ಯಾರೋ ಅಂದರು.

ನರ್ಸಮ್ಮ ಬಾಗಿಲಿನಿಂದ ಇಳಿದು ನೆಲ ಮುಟ್ಟಿ ಅತ್ತರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅಣ್ಣ. ಅವರು ತನ್ನ ಸ್ವಂತ ತಂಗಿಯೇನೋ ಎಂಬಂತೆ. ಚಪ್ಪಾಳೆ ಮುಗಿಸಿ ಬಂದು, ಸೀಟಿನಲ್ಲೇ ಕೂತಿದ್ದ ನನ್ನ ಕಿಟಕಿಯ ಕೆಳಗೆ ನಿಂತು, “ಚೊಲೋ ಕೂತಿದ್ರು ಕಣಾ. ಒಂಚೂರೂ ಹೆದ್ರಲಿಲ್ಲ,” ಎಂದ.

ನನ್ನಿಂದ ಆಗಲಿಲ್ಲ.

“ಅಣ್ಣಾ, ಅವತ್ತು ಟವರ್ ತಪ್ಪಲ್ಲ. ನಾನೇ ಬೇಕಂತ ನಿಧಾನ ಓಡ್ಸಿದ್ದು.”

ಅವನು ನನ್ನನ್ನೇ ನೋಡಿದ. ಉಳಿದವರು ದೂರದಲ್ಲಿ ನರ್ಸಮ್ಮನ ಬಟ್ಟೆಯ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು.

“ಬೇಕಂತ?”

“ಬೇಕಂತ. ನಿಂಗೆ ಸೀಟು ಸಿಗಬಾರ್ದು ಅಂತ.”

“ಹಂಗಾದ್ರೆ ಎದೆ ನೋವು?”

“ಯಾವ ಎದೆ ನೋವು?”

“ಅವತ್ತು ನಿಂಗೆ ಎದೆ ನೋವು ಬಂದಿರ್ಲಿಲ್ವ?”

“ಇಲ್ಲಣ್ಣ.”

“ಆಮೇಲೆ? ಯಾವತ್ತಾದ್ರೂ?”

“ಯಾವತ್ತೂ ಇಲ್ಲ.”

ಅಣ್ಣ ಬಾಗಿಲಿನ ಕಂಬಿ ಹಿಡಿದುಕೊಂಡ. ಉಸಿರು ಬಿಟ್ಟ. ಅಷ್ಟು ಉದ್ದದ ಉಸಿರನ್ನು ನಾನು ಯಾರ ಎದೆಯಿಂದಲೂ ಹೊರಟದ್ದು ಕೇಳಿಲ್ಲ.

“ಥೂ ನಿನ್ನ! ಇಪ್ಪತ್ತಾರು ವರ್ಷದಲ್ಲಿ ನೀನು ಹಂಗೆ ಓಡ್ಸಿದ್ದು ಅದೊಂದೇ ದಿನ. ನಂಗೆ ಗೊತ್ತಾಗದಿಲ್ವನಾ? ಮೂರನೇ ಗೇರಲ್ಲೇ ಎಳೀತಿದೀಯ, ಕನ್ನಡಿ ನೋಡ್ತಿಲ್ಲ, ಬೆವರು ಬೇರೆ. ಇವ್ನಿಗೆ ಏನೋ ಆಗ್ತಿದೆ, ಯಾರಿಗೂ ಹೇಳ್ದೆ ತಡ್ಕಂಡು ಓಡಿಸ್ತಿದಾನೆ ಅಂತ ತಿಳ್ಕಂಡೆ. ನೀ ಬಿದ್ರೆ ಸ್ಟೇರಿಂಗ್ ಹಿಡ್ಕಣಣ ಅಂತ ಹಿಂದೆ ಬಂದು ನಿಂತೆ.”

“ಯಾರಿಗೂ ಹೇಳ್ಲಿಲ್ವಲ ನೀನು...”

“ಹೇಳಿದ್ರೆ ನಿನ್ನ ಲೈಸೆನ್ಸ್ ಉಳೀತಿತ್ತನಾ? ಅದ್ಕೇ ಟವರ್ ತಲೆ ಮೇಲೆ ಹಾಕ್ದೆ.” ಅವನು ಕಾಲ ಕೆಳಗಿನ ರಸ್ತೆಯನ್ನು ತೋರಿಸಿದ. “ಅವ್ರ ಫೋನ್ ಬಂದಿತ್ತು ಮಾರಾಯ. ಇಲ್ಲೇ, ಈ ಏರಲ್ಲೇ. ಹನ್ನೊಂದು ಮೂವತ್ತೆಂಟಕ್ಕೆ. ಜೇಬಲ್ಲಿ ನಡುಗ್ತು. ಎತ್ತಿದ್ರೆ ಒಂದು ಕೈ ಹೋಗ್ತದೆ, ಕಣ್ಣೂ ಆ ಕಡೆ ಹೋಗ್ತದೆ. ಅದ್ಕೇ ಕಟ್ ಮಾಡ್ದೆ.”

ಕ್ಷಮಿಸು ಎನ್ನಬೇಕಿತ್ತು. ಆ ಪದ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಅಣ್ಣನ ಮುಖದಲ್ಲಿ ಸಿಟ್ಟನ್ನು ಹುಡುಕಿದೆ. ಹುಡುಕಿದಷ್ಟೂ ಕಂಡದ್ದು ಸಮಾಧಾನವೇ. ಎಂಟು ತಿಂಗಳಿಂದ ಹೊತ್ತದ್ದನ್ನು ಇಳಿಸಿದವನ ಮುಖ.

“ನೋವಿಲ್ಲ ತಾನೆ? ದೇವ್ರಾಣೆ?” ಎಂದು ಮತ್ತೆ ಕೇಳಿದ.

ನಾನು ತಲೆಯಾಡಿಸಿದೆ. ಆಮೇಲೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಅಷ್ಟರಲ್ಲಿ ಪ್ಯಾಸೆಂಜರುಗಳು ಬಸ್ಸಿನ ಕಡೆ ಬರತೊಡಗಿದ್ದರು. “ಹೊರಡನ್ರೀ, ಕತ್ಲಾಗ್ತದೆ!” ಎಂದು ಒಬ್ಬರು ಬಾಗಿಲಿಗೆ ಕೈ ಹಾಕಿದರು. ಅಣ್ಣ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದ.

“ಐದ್ ನಿಮಿಷ ತಡೀರಿ. ಯಾರೂ ಹತ್ತಬೇಡಿ. ಇಂಜಿನ್ ಬಿಸಿ ಆಗಿದೆ.”

ಇಂಜಿನ್ ಆಫ್ ಮಾಡಿ ಅರ್ಧ ಗಂಟೆಯಾಗಿತ್ತು.